ತಿಂಡಿ ಮೊದಲಾ, ತಪಾಸಣೆ ಮೊದಲಾ? ತುಮಕೂರಿನ ಒಂದು ಬಡಾವಣೆಯ ಶುಗರ್ ಶಿಬಿರದ ಪ್ರಕರಣ

ಇದು ತುಮಕೂರು ನಗರದ ಅಂಚಿನ ಒಂದು ಬಡಾವಣೆಯಲ್ಲಿ ನಡೆದದ್ದು. ಬಡಾವಣೆ, ಸಂಘ, ಜನ ಯಾರ ಹೆಸರನ್ನೂ ಹೇಳುತ್ತಿಲ್ಲ. ಗುರುತು ಹತ್ತುವಂಥ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ನಾನು ಆ ಸಮಿತಿಯಲ್ಲಿ ಇರಲಿಲ್ಲ. ಕೆಲವು ಶಿಬಿರಗಳಿಗೆ ಹೋಗಿದ್ದೆ, ಅವರ ರಿಜಿಸ್ಟರ್ ತಿರುವಿ ಹಾಕಿದ್ದೆ, ಆಮೇಲೆ ಒಬ್ಬೊಬ್ಬರ ಜೊತೆ ಕೂತು ಮಾತಾಡಿದ್ದೆ. ಜನ ಬರಲಿ ಅಂತ ಊಟ ತಿಂಡಿ ಇಡುವ ಸಂಘಗಳು ನಮ್ಮಲ್ಲಿ ಬೇಕಾದಷ್ಟಿವೆ. ಅಂಥವರಿಗೆ ಇದು ಕೆಲಸಕ್ಕೆ ಬರಬಹುದು.

ಹಿನ್ನೆಲೆ

ಆ ಬಡಾವಣೆಯಲ್ಲಿ ಎರಡು ಥರದ ಮನೆಗಳಿವೆ. ಮುಂದಿನ ಅಡ್ಡರಸ್ತೆಗಳಲ್ಲಿ ನಿವೃತ್ತ ನೌಕರರು, ಮೇಷ್ಟ್ರುಗಳು, ಬ್ಯಾಂಕಿನವರು. ಹಿಂದಿನ ಸಾಲುಗಳಲ್ಲಿ ಆಟೊ ಓಡಿಸುವವರು, ಗಾರೆ ಕೆಲಸದವರು, ಮನೆಗೆಲಸಕ್ಕೆ ಹೋಗುವ ಹೆಂಗಸರು, ಅಂತರಸನಹಳ್ಳಿ ಮಾರುಕಟ್ಟೆಯಲ್ಲಿ ಮೂಟೆ ಹೊರುವವರು. ನಡುವೆ ಸಮುದಾಯ ಭವನ. ಮದುವೆ ನಾಮಕರಣ ಇಲ್ಲದ ದಿನ ಅದಕ್ಕೆ ಬೀಗ.

ಸಂಘದಲ್ಲಿ ಒಬ್ಬರು ನಿವೃತ್ತ ನರ್ಸ್ ಇದ್ದರು. ಎಲ್ಲರೂ ಅವರನ್ನು ಸಿಸ್ಟರ್ ಅಂತಲೇ ಕರೆಯುತ್ತಿದ್ದರು. ತಿಂಗಳಿಗೊಂದು ಭಾನುವಾರ ಶುಗರ್, ಬಿಪಿ ನೋಡೋಣ ಅಂದವರು ಅವರೇ. ಅವರ ಲೆಕ್ಕ ಸ್ಪಷ್ಟವಾಗಿತ್ತು. ಮುಂದಿನ ರಸ್ತೆಯವರು ವರ್ಷಕ್ಕೊಮ್ಮೆ ಲ್ಯಾಬಿಗೆ ಹೋಗಿ ಬರುತ್ತಾರೆ. ಹಿಂದಿನ ಸಾಲಿನವರಿಗೆ ಶುಗರ್ ಇದೆ ಅಂತ ಗೊತ್ತಾಗುವುದು ಕಾಲಿನ ಗಾಯ ಒಣಗದೆ ಆಸ್ಪತ್ರೆ ಸೇರಿದಾಗ. ಅಷ್ಟೊತ್ತಿಗೆ ಬೆರಳು ತೆಗೆಯುವ ಮಾತು ಶುರುವಾಗಿರುತ್ತದೆ. ವಾರ್ಡಿನಲ್ಲಿ ಇದನ್ನು ಅವರು ನೋಡಿ ನೋಡಿ ಸಾಕಾಗಿದ್ದರು.

ಪರಿಚಯದ ಡಾಕ್ಟರು ಒಬ್ಬರು ಬರಲು ಒಪ್ಪಿದರು. ಗ್ಲುಕೋಮೀಟರ್, ಸ್ಟ್ರಿಪ್ಪುಗಳಿಗೆ ಸಂಘ ದುಡ್ಡು ಕೊಟ್ಟಿತು. ಕರಪತ್ರ ಹಂಚಿದರು, ಆಟೊದಲ್ಲಿ ಮೈಕ್ ಕೂಗಿಸಿದರು.

ಬಂದವರು ಯಾರು? ಮುಂದಿನ ರಸ್ತೆಯವರೇ. ಅದರಲ್ಲೂ ಮನೆಯಲ್ಲಿ ಗ್ಲುಕೋಮೀಟರ್ ಇಟ್ಟುಕೊಂಡವರು, 'ನಂದು ಸರಿಯಾಗಿ ತೋರಿಸ್ತಿದೆಯಾ ನೋಡಿ' ಅಂತ ಅದನ್ನೂ ಜೊತೆಗೆ ಹಿಡಿದು ಬಂದವರು. ರಿಜಿಸ್ಟರಿನ ಮೊದಲ ಪುಟಗಳಲ್ಲಿ ಇಪ್ಪತ್ತು ಇಪ್ಪತ್ತೈದು ಹೆಸರು ತಿಂಗಳು ತಿಂಗಳೂ ತಿರುಗಿ ತಿರುಗಿ ಬಂದಿವೆ. ಹಿಂದಿನ ಸಾಲಿನಿಂದ ಒಬ್ಬರೋ ಇಬ್ಬರೋ.

ಚೌಚೌಬಾತಿನ ಭಾನುವಾರ

ತಿಂಡಿ ಇಡೋಣ ಅಂದವರು ನಿವೃತ್ತ ಮೇಷ್ಟ್ರು. ಅವರ ವಾದ ಶಾಲೆಯಿಂದ ಬಂದದ್ದು. ಬೇಯಿಸಿದ ಊಟ ಕೊಡಿ ಅಂತ 2001ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು, 2002ರಲ್ಲಿ ನಮ್ಮ ರಾಜ್ಯದಲ್ಲಿ ಅಕ್ಷರ ದಾಸೋಹ ಶುರುವಾಯಿತು. ಆಗ ಅವರಿನ್ನೂ ಕೆಲಸದಲ್ಲಿದ್ದರು. ಅನ್ನ ಸಾರು ಬಂದ ಮೇಲೆ ತಮ್ಮ ಶಾಲೆಯ ಹಾಜರಿ ಹೇಗೆ ಬದಲಾಯಿತು ಅಂತ ಕಣ್ಣಾರೆ ಕಂಡಿದ್ದರು. 'ಮಕ್ಕಳು ಊಟಕ್ಕೆ ಬಂದು ಪಾಠ ಕಲೀತಾರೆ. ದೊಡ್ಡವರು ತಿಂಡಿಗೆ ಬಂದು ಟೆಸ್ಟ್ ಮಾಡಿಸ್ಕೊಳ್ಲಿ' ಅಂದರು. ಖಜಾಂಚಿ ಇನ್ನೂ ಒಂದು ಮಾತು ಸೇರಿಸಿದರು: 'ಸಿದ್ಧಗಂಗೆನ ಪಕ್ಕದಲ್ಲೇ ಇಟ್ಕೊಂಡು ಅನ್ನ ಹಾಕೋಕೆ ಯೋಚನೆ ಮಾಡೋದಾ?'

ಎರಡೂ ಮಾತು ಸರಿ. ಆದರೆ ಎರಡರಲ್ಲೂ ಒಂದೊಂದು ಅಂಶ ಅವರ ಕಣ್ಣು ತಪ್ಪಿತ್ತು. ಶಾಲೆಯಲ್ಲಿ ಊಟ ಇರುವುದು ಪಾಠದ ಮಧ್ಯೆ. ಬೆಳಗ್ಗೆ ಬಂದವರು ಊಟ ಮಾಡಿ ಮತ್ತೆ ಪಾಠಕ್ಕೆ ಕೂರುತ್ತಾರೆ. ಇನ್ನು ಮಠದಲ್ಲಿ ಊಟ ಯಾವುದಕ್ಕೂ ಗಾಳ ಅಲ್ಲ. ಹಸಿದವರು ಬಂದರೆ ಊಟ, ಅಷ್ಟೇ. ಅದು ಪ್ರಸಾದ. ಉಣ್ಣಲು ಯಾರಿಗೂ ಸಂಕೋಚ ಇಲ್ಲ.

ಕರಪತ್ರದಲ್ಲಿ 'ಉಚಿತ ಉಪಾಹಾರ ಇರುತ್ತದೆ' ಅನ್ನುವ ಸಾಲು 'ಉಚಿತ ತಪಾಸಣೆ'ಗಿಂತ ದಪ್ಪ ಅಕ್ಷರದಲ್ಲಿ ಅಚ್ಚಾಯಿತು. ಭಟ್ಟರಿಗೆ ಹೇಳಿ ಉಪ್ಪಿಟ್ಟು, ಕೇಸರಿಬಾತ್ ಮಾಡಿಸಿದರು. ಹೌದು, ಶುಗರ್ ಶಿಬಿರಕ್ಕೆ ಕೇಸರಿಬಾತ್. ಆ ಹೊತ್ತಿಗೆ ಅದು ಯಾರಿಗೂ ತಮಾಷೆ ಅನ್ನಿಸಲಿಲ್ಲ. ಶುಭಕಾರ್ಯ ಅಂದಮೇಲೆ ಸಿಹಿ ಇರಬೇಕಲ್ವಾ.

ಜನವೋ ಜನ. ಭವನದ ಮೆಟ್ಟಿಲ ತನಕ ಸಾಲು. ಆದರೆ ಸಾಲು ಇದ್ದದ್ದು ಬಾಂಡ್ಲಿಯ ಮುಂದೆ. ಸಿಸ್ಟರ್ ಮೇಜಿನ ಮುಂದೆ ಖಾಲಿ. ತಿಂದವರಲ್ಲಿ ಹೆಚ್ಚಿನವರು ಕೈ ತೊಳೆದು ಹಾಗೇ ಹೊರಟರು. ಟೆಸ್ಟಿಗೆ ಬಂದವರದ್ದು ಬೇರೆ ಕಥೆ. ಖಾಲಿ ಹೊಟ್ಟೆಯ ಟೆಸ್ಟ್ ಅಂದರೆ ಕನಿಷ್ಠ 8 ಗಂಟೆ ನೀರು ಬಿಟ್ಟು ಇನ್ನೇನೂ ಹೊಟ್ಟೆಗೆ ಹೋಗಿರಬಾರದು. ಇಲ್ಲಿ ಎಲ್ಲರ ಹೊಟ್ಟೆಯಲ್ಲೂ ಕೇಸರಿಬಾತ್.

ಗಾರೆ ಕೆಲಸದ ಒಬ್ಬರಿಗೆ ಮೀಟರ್ 300ರ ಮೇಲೆ ತೋರಿಸಿತು. ಅವರ ಮುಖ ಬಿಳಿಚಿಕೊಂಡಿತು. ಸಿಸ್ಟರ್ ಅವರ ಬೆರಳನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಉಗುರಿನ ಪಕ್ಕ ತುಪ್ಪದ ಹೊಳಪು, ಒಂದು ರವೆ ಕಾಳು. 'ಹೋಗಿ ಸೋಪು ಹಾಕಿ ಕೈ ತೊಳ್ಕೊಂಡು ಬನ್ನಿ' ಅಂತ ಕಳಿಸಿದರು. ಕೈ ಒರೆಸಿ ಇನ್ನೊಂದು ಬೆರಳಿಗೆ ಚುಚ್ಚಿದಾಗ ಅಂಕಿ ಅದರ ಅರ್ಧಕ್ಕೆ ಇಳಿಯಿತು. ಬೆರಳಲ್ಲಿ ಸಕ್ಕರೆ ಅಂಟಿದ್ದರೆ ಮೀಟರ್ ಅದನ್ನೂ ರಕ್ತದ ಸಕ್ಕರೆ ಅಂತಲೇ ಓದುತ್ತದೆ. ಆವತ್ತಿನ ಎಲ್ಲ ಅಂಕಿಗಳ ಪಕ್ಕದಲ್ಲೂ ಸಿಸ್ಟರ್ ಪೆನ್ಸಿಲಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದಾರೆ. ಅದು ಈಗಲೂ ರಿಜಿಸ್ಟರಿನಲ್ಲಿದೆ.

ಸಂಜೆ ಸಮಿತಿ ಸಭೆಯಲ್ಲಿ ಒಬ್ಬರು ಖುಷಿಯಾಗಿದ್ದರು, 'ಭವನ ತುಂಬಿತ್ತು' ಅಂತ. ಇನ್ನೊಬ್ಬರು ಸಿಟ್ಟಾಗಿದ್ದರು, 'ಬರೀ ತಿನ್ನೋಕೆ ಬಂದವ್ರು' ಅಂತ. ಈ ಎರಡನೇ ಮಾತು ಹಿಂದಿನ ಸಾಲಿನ ತನಕ ಹೋಗಿ ಮುಟ್ಟಿತು. ಇಂಥ ಮಾತು ಮುಟ್ಟದೆ ಇರುತ್ತದೆಯೇ?

ಟೋಕನ್

ಪರಿಹಾರ ಎಲ್ಲರಿಗೂ ಹೊಳೆಯುವಂಥದ್ದೇ: ತಿಂಡಿ ಕೊನೆಯಲ್ಲಿ. ಮೊದಲು ಟೆಸ್ಟ್, ಟೆಸ್ಟ್ ಆದವರಿಗೆ ಟೋಕನ್, ಆಮೇಲೆ ಡಾಕ್ಟರ ಮಾತು, ಮಾತು ಮುಗಿದ ಮೇಲೆ ಟೋಕನ್ ಕೊಟ್ಟವರಿಗೆ ತಿಂಡಿ. ಸಿಹಿ ರದ್ದು.

ಕಾಗದದ ಮೇಲೆ ಚೆನ್ನಾಗಿಯೇ ಇತ್ತು. ಖಾಲಿ ಹೊಟ್ಟೆಯ ಟೆಸ್ಟ್ ಬಹುಮಟ್ಟಿಗೆ ಸರಿಯಾಗಿ ಆಯಿತು. ಬಹುಮಟ್ಟಿಗೆ ಅಂದೆ, ಯಾಕೆಂದರೆ 'ಏನೂ ತಿಂದಿಲ್ಲ ಸಿಸ್ಟರ್, ಬರೀ ಕಾಫಿ' ಅನ್ನುವವರು ಪ್ರತಿ ಸಲವೂ ಇದ್ದರು. ನಮ್ಮಲ್ಲಿ ಬೆಳಗಿನ ಕಾಫಿಯನ್ನು ಯಾರೂ ಆಹಾರದ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದರಲ್ಲಿ ಎರಡು ಚಮಚ ಸಕ್ಕರೆ ಇದ್ದರೂ.

ತೊಂದರೆ ಬಂದದ್ದು ಆಮೇಲೆ. ಡಾಕ್ಟರು ಚುಟುಕಾಗಿ ಮಾತಾಡಿದರು. ಅವರ ಹಿಂದೆ ಅಧ್ಯಕ್ಷರು, ಅವರ ಹಿಂದೆ ಮುಖ್ಯ ಅತಿಥಿ. ಜನ ಎದ್ದು ಹೋಗುವುದಿಲ್ಲ ಅಂತ ಗೊತ್ತಾದರೆ ಮೈಕ್ ಹಿಡಿದವರ ಮಾತು ಉದ್ದವಾಗುತ್ತದೆ. ಹಿಂದೆ ಸಾಂಬಾರಿನ ವಾಸನೆ, ಮುಂದೆ ಭಾಷಣ. ಮಕ್ಕಳು ಅಳಲು ಶುರು ಮಾಡಿದವು. ಕೆಲಸದ ಮನೆಗೆ ಹೊತ್ತಾಯಿತು ಅಂತ ನಾಲ್ಕೈದು ಹೆಂಗಸರು ಟೋಕನ್ನನ್ನು ಕುರ್ಚಿ ಮೇಲೆ ಇಟ್ಟು ಎದ್ದು ಹೋದರು.

ಆಗಲೇ ಆಟೊ ಓಡಿಸುವ ಒಬ್ಬರು ಕೂತಲ್ಲೇ ಬೆವರತೊಡಗಿದರು. ಕೈ ನಡುಗುತ್ತಿತ್ತು. ಕೇಳಿದ್ದಕ್ಕೆ ಸಂಬಂಧ ಇಲ್ಲದ ಉತ್ತರ. ಸಿಸ್ಟರ್ ಓಡಿ ಬಂದು ಚುಚ್ಚಿ ನೋಡಿದರೆ ಸಕ್ಕರೆ 70ಕ್ಕಿಂತ ಎಷ್ಟೋ ಕೆಳಗೆ. ಅವರು ಮೊದಲಿಂದಲೂ ಶುಗರ್ ಮಾತ್ರೆ ತಗೊಳ್ಳುವವರು. ದಿನಾ ತಿಂಡಿಗೆ ಮುಂಚೆ ನುಂಗುವ ಹಾಗೆ ಆವತ್ತೂ ನುಂಗಿ ಬಂದಿದ್ದರು, ತಿಂಡಿ ಇಲ್ಲೇ ಸಿಗುತ್ತಲ್ಲ ಅಂತ. ಮೂರು ಚಮಚ ಸಕ್ಕರೆಯನ್ನು ನೀರಿಗೆ ಕಲಕಿ ಕುಡಿಸಿದರು. ಕಾಲು ಗಂಟೆ ಬಿಟ್ಟು ಮತ್ತೆ ನೋಡಿ, ಅಂಕಿ ಮೇಲಕ್ಕೆ ಬಂದಮೇಲೆ ತಿಂಡಿ ಕೊಟ್ಟರು. ಅವರು ಸುಧಾರಿಸಿಕೊಂಡರು. ಆದರೆ ಸಿಸ್ಟರ್ ಅಡುಗೆಯವರ ಕಡೆ ತಿರುಗಿ, 'ಎಲ್ರಿಗೂ ಈಗಲೇ ಬಡಿಸಿ' ಅಂದರು. ಮುಖ್ಯ ಅತಿಥಿಯ ಕೈಯಲ್ಲಿ ಮೈಕ್ ಇನ್ನೂ ಇತ್ತು.

ಈ ಪ್ರಕರಣ ತಿರುಗಿದ್ದು ಇಲ್ಲೇ ಅಂತ ನನಗನ್ನಿಸುತ್ತದೆ. ಅಲ್ಲಿಯವರೆಗೆ ಸಮಿತಿಯ ಚರ್ಚೆಯೆಲ್ಲ 'ತಿಂಡಿ ತೋರಿಸಿ ಜನರನ್ನು ಎಷ್ಟು ಹೊತ್ತು ಕೂರಿಸಬಹುದು' ಅನ್ನುವುದರ ಮೇಲಿತ್ತು. ಆಮೇಲೆ ಪ್ರಶ್ನೆಯೇ ಬದಲಾಯಿತು. ರಾತ್ರಿಯಿಂದ ಉಪವಾಸ ಇದ್ದು ಬಂದವರಿಗೆ ತಿಂಡಿ ಎಷ್ಟು ಬೇಗ ಕೊಡಬೇಕು?

ಟೋಕನ್ ಬಗ್ಗೆ ಇನ್ನೊಂದು ಮಾತು. ಎದ್ದು ಹೋದ ಹೆಂಗಸರಲ್ಲಿ ಒಬ್ಬರನ್ನು ಆಮೇಲೆ ಮಾತಾಡಿಸಿದೆ. 'ಮಠಕ್ಕೆ ಹೋದ್ರೆ ಯಾರೂ ಚೀಟಿ ಕೇಳಲ್ಲ. ಇಲ್ಲಿ ಚೀಟಿ ಹಿಡ್ಕೊಂಡು ನಿಂತ್ರೆ, ನಾನು ಕೆಲ್ಸ ಮಾಡೋ ಮನೆ ಅಮ್ಮಾವ್ರೇ ಬಡಿಸ್ತಾ ಇರ್ತಾರೆ. ನಾಚಿಕೆ ಆಗುತ್ತೆ' ಅಂದರು. ಸಮಿತಿಯಲ್ಲಿ ಯಾರೂ ಇದನ್ನು ಯೋಚಿಸಿರಲಿಲ್ಲ. ಯೋಚಿಸಲು ಅವರಲ್ಲಿ ಹಿಂದಿನ ಸಾಲಿನವರು ಯಾರೂ ಇರಲಿಲ್ಲ.

ಬಾಡೂಟದ ಆಹ್ವಾನ

ಈ ಮಧ್ಯೆ ಪಾಲಿಕೆ ಚುನಾವಣೆಗೆ ನಿಲ್ಲಬೇಕು ಅಂತಿದ್ದ ಒಬ್ಬರು ಬಂದರು. ಖರ್ಚೆಲ್ಲ ತಮ್ಮದು, ಟೆಸ್ಟ್ ಆದಮೇಲೆ ಮಧ್ಯಾಹ್ನ ಬಾಡೂಟ, ಭವನದ ಮುಂದೆ ಒಂದು ಫ್ಲೆಕ್ಸ್, ಇಷ್ಟೇ ಅಂದರು. ಖಜಾಂಚಿಗೆ ಆಸೆ ಆಯಿತು. ತಪ್ಪೇನಿಲ್ಲ, ಭಟ್ಟರ ಬಿಲ್ಲು ಕಟ್ಟುವವರು ಅವರೇ. ಮೇಷ್ಟ್ರು ಬೇಡ ಅಂದರು. ಸಿಸ್ಟರ್ ಒಂದೇ ಪ್ರಶ್ನೆ ಕೇಳಿದರು: 'ಚುನಾವಣೆ ಮುಗಿದ ಮೇಲಿನ ತಿಂಗಳು ಏನು ಹಾಕ್ತೀರಾ?' ಮಟನ್ ಹಾಕಿದ ಮೇಲೆ ಇಡ್ಲಿಗೆ ಇಳಿಯುವುದು ಕಷ್ಟ. ಶುಗರಿಗೆ ಪ್ರತಿ ತಿಂಗಳೂ ನೋಡುವವರು ಬೇಕು, ಒಂದು ಹಬ್ಬ ಸಾಲದು. ಆಹ್ವಾನವನ್ನು ನಯವಾಗಿ ಬೇಡ ಅಂದರು. ಆ ಮನುಷ್ಯ ಬೇರೆ ಬಡಾವಣೆಗೆ ಹೋದರು.

ತಟ್ಟೆ ಇಡ್ಲಿ ಮತ್ತು ಎರಡು ಗಂಟೆ

ಹೊಸ ವ್ಯವಸ್ಥೆಯನ್ನು ಸಿಸ್ಟರ್ ಮತ್ತು ಹಿಂದಿನ ಸಾಲಿನ ಸ್ತ್ರೀಶಕ್ತಿ ಸಂಘದ ಇಬ್ಬರು ಸೇರಿ ಮಾಡಿದರು. ಆ ಇಬ್ಬರು ಸಮಿತಿಗೆ ಬಂದದ್ದೇ ದೊಡ್ಡ ಬದಲಾವಣೆ. ಸಮಯ ಒಂಬತ್ತರಿಂದ ಆರೂವರೆಗೆ ಬಂತು. ಮನೆಗೆಲಸದವರು, ಆಟೊದವರು ಕೆಲಸಕ್ಕೆ ಹೊರಡುವ ಮುಂಚೆ. ಬಾಗಿಲಲ್ಲೇ ಮೊದಲ ಪ್ರಶ್ನೆ: ಮಾತ್ರೆ ನುಂಗಿದ್ದೀರಾ, ಇನ್ಸುಲಿನ್ ತಗೊಂಡಿದ್ದೀರಾ? ಹೌದು ಅಂದವರನ್ನು ಸಾಲಿನಲ್ಲಿ ನಿಲ್ಲಿಸುವುದಿಲ್ಲ, ಮೊದಲು ಅವರದ್ದೇ. ಎರಡನೆಯದು ಸೋಪು, ನೀರು, ಒಣ ಬಟ್ಟೆ. ಚುಚ್ಚಿದ ತಕ್ಷಣ ತಿಂಡಿ. ಟೋಕನ್ ಇಲ್ಲ. ಟೆಸ್ಟ್ ಮಾಡಿಸದವರೂ ಕೂತು ತಿನ್ನಬಹುದು, ಯಾರೂ ಕೇಳುವಂತಿಲ್ಲ.

ತಿಂಡಿ ತಟ್ಟೆ ಇಡ್ಲಿ. ಕ್ಯಾತ್ಸಂದ್ರ ಪಕ್ಕದಲ್ಲೇ ಇರುವಾಗ ಇನ್ನೇನು ಮಾಡುತ್ತಾರೆ! ಭಟ್ಟರನ್ನು ಬಿಟ್ಟು ಸ್ತ್ರೀಶಕ್ತಿ ಸಂಘದವರೇ ಬೇಯಿಸಿದರು. ಅದರ ಕೂಲಿಯೂ ಅವರಿಗೇ. ಒಬ್ಬೊಬ್ಬರಿಗೆ ಒಂದು ತಟ್ಟೆ ಇಡ್ಲಿ, ಸಾಂಬಾರ್, ಹುರಿಗಡಲೆ ಚಟ್ನಿ, ಅಡಿಕೆ ಹಾಳೆಯಲ್ಲಿ. ಬೇಕು ಅಂದವರಿಗೆ ಇನ್ನೊಂದು.

ಈಗ ಎರಡು ಗಂಟೆಯ ವಿಷಯ. ತಿಂದ ಎರಡು ಗಂಟೆಗೆ ಇನ್ನೊಮ್ಮೆ ಚುಚ್ಚಿ ನೋಡಿದರೆ ದೇಹ ಆ ತಿಂಡಿಯನ್ನು ಹೇಗೆ ಸಂಭಾಳಿಸಿತು ಅಂತ ಗೊತ್ತಾಗುತ್ತದೆ. ಹಾಗಾಗಿ ತಿಂಡಿಯೇ ತಪಾಸಣೆಯ ಭಾಗವಾಯಿತು. ಕರಪತ್ರದ ಸಾಲೂ ಬದಲಾಯಿತು: 'ರಾತ್ರಿ ಊಟದ ನಂತರ ನೀರು ಬಿಟ್ಟು ಏನೂ ಬೇಡ, ಕಾಫಿಯೂ ಬೇಡ. ಶುಗರ್ ಮಾತ್ರೆ, ಇನ್ಸುಲಿನ್ ತಗೊಳ್ಳುವವರು ಬೆಳಗಿನ ಡೋಸ್ ಬಗ್ಗೆ ಮೊದಲೇ ಡಾಕ್ಟರನ್ನು ಕೇಳಿ. ಮೊದಲ ಟೆಸ್ಟ್ ಆದ ಕೂಡಲೇ ತಿಂಡಿ ಇಲ್ಲೇ. ಎರಡು ಗಂಟೆಗೆ ಎರಡನೇ ಟೆಸ್ಟ್.' ತಿಂಡಿಗೆ ಬಂದೆ ಅಂತ ಯಾರೂ ನಾಚಬೇಕಾಗಿಲ್ಲ. ಟೆಸ್ಟಿಗೇ ತಿಂಡಿ ಬೇಕು.

ಆ ಎರಡು ಗಂಟೆಯಲ್ಲಿ ಭಾಷಣ ಇಡಲಿಲ್ಲ. ಡಾಕ್ಟರು ಇಡ್ಲಿ ತಿನ್ನುತ್ತಲೇ ಪಂಕ್ತಿಯ ಮಧ್ಯೆ ಕೂತು ಮಾತಾಡಿದರು. 'ಮುದ್ದೆ ತಿಂದ್ರೆ ಶುಗರ್ ಬರಲ್ಲ ಅಂತಾರಲ್ಲ ಸಾರ್?' ಈ ಪ್ರಶ್ನೆ ಪ್ರತಿ ಸಲ ಬರುತ್ತಿತ್ತು. ರಾಗಿಯಲ್ಲೂ ಪಿಷ್ಟ ಇದೆ, ಎರಡು ದೊಡ್ಡ ಮುದ್ದೆ ಎರಡು ದೊಡ್ಡ ಮುದ್ದೆಯೇ, ಒಂದು ಸಾಕು, ಸೊಪ್ಪಿನ ಸಾರು ಜಾಸ್ತಿ ಹಾಕಿಕೊಳ್ಳಿ ಅಂತ ಅವರು ಕೈಯಲ್ಲೇ ಅಳತೆ ತೋರಿಸುತ್ತಿದ್ದರು. ಇನ್ನೊಂದು ಮೂಲೆಯಲ್ಲಿ ಮೇಷ್ಟ್ರು ಕಟ್ಟಡ ಕಾರ್ಮಿಕರ ಕಾರ್ಡಿನ ಅರ್ಜಿ ತುಂಬಿಕೊಡುತ್ತಿದ್ದರು. ಗಾರೆ ಕೆಲಸದವರು ಎರಡನೇ ಟೆಸ್ಟಿನ ತನಕ ಉಳಿದದ್ದಕ್ಕೆ ಇಡ್ಲಿಗಿಂತ ಈ ಅರ್ಜಿಯೇ ಕಾರಣ ಅಂತ ನನ್ನ ಅನುಮಾನ.

ಏನಾಯಿತು

ಚೌಚೌಬಾತಿನ ದಿನದಷ್ಟು ಜನ ಮತ್ತೆ ಯಾವತ್ತೂ ಬರಲಿಲ್ಲ. ಅದರ ಅರ್ಧವೂ ಇಲ್ಲ. ಆದರೆ ರಿಜಿಸ್ಟರಿನಲ್ಲಿ ಹೊಸ ಹೆಸರುಗಳು ಬಂದವು, ಹೆಚ್ಚಿನವು ಹಿಂದಿನ ಸಾಲಿನವು. ಖಾಲಿ ಹೊಟ್ಟೆಯಲ್ಲಿ 126 ದಾಟಿದವರ ಹೆಸರಿನ ಪಕ್ಕ ಕೆಂಪು ಗುರುತು. ಗ್ಲುಕೋಮೀಟರಿನ ಅಂಕಿ ನೋಡಿ ಶುಗರ್ ಇದೆ ಅಂತ ತೀರ್ಮಾನ ಮಾಡುವಂತಿಲ್ಲ, ಲ್ಯಾಬಿನಲ್ಲಿ ಖಚಿತ ಆಗಬೇಕು. ಅಂಥವರನ್ನು ಸರ್ಕಾರದ 'ನಮ್ಮ ಕ್ಲಿನಿಕ್'ಗೆ ಕಳಿಸಿದರು. ಕೆಂಪು ಗುರುತು ಬಿದ್ದ ಕೆಲವರಿಗೆ ತಮಗೆ ಶುಗರ್ ಇರಬಹುದು ಅನ್ನುವ ಸುಳಿವೇ ಇರಲಿಲ್ಲ.

ಎರಡನೇ ಟೆಸ್ಟಿಗೆ ಎಲ್ಲರೂ ನಿಲ್ಲಲಿಲ್ಲ. ಮನೆಗೆಲಸದವರು ಒಂದು ಮನೆ ಮುಗಿಸಿ ಓಡಿ ಬರುತ್ತಿದ್ದರು. ಆಟೊದವರಲ್ಲಿ ಅರ್ಧದಷ್ಟು ಜನ ಬರಲೇ ಇಲ್ಲ, ಬಾಡಿಗೆ ಸಿಕ್ಕಿದರೆ ಯಾರು ಬಿಡುತ್ತಾರೆ? ಸಿಸ್ಟರ್ ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ. ಮೊದಲನೆಯದು ಸರಿಯಾಗಿ ಆದರೆ ಸಾಕು ಅಂದರು.

ಬರೀ ತಿನ್ನಲು ಬರುವವರು ಈಗಲೂ ಇದ್ದಾರೆ. ಒಂದಿಬ್ಬರು ಅಜ್ಜಂದಿರು, ಪಕ್ಕದ ಶೆಡ್ಡುಗಳ ಮಕ್ಕಳು. ಸಮಿತಿಯಲ್ಲಿ ಒಬ್ಬರಿಗೆ ಅದು ಇವತ್ತಿಗೂ ಇರಿಸುಮುರಿಸು. ನನ್ನ ಮಟ್ಟಿಗೆ ಇದೊಂದು ಸಮಸ್ಯೆಯೇ ಅಲ್ಲ. ಖರ್ಚಾಗುವುದು ಒಂದಷ್ಟು ಇಡ್ಲಿ. ಸ್ಟ್ರಿಪ್ಪಿನ ಖರ್ಚಿನ ಮುಂದೆ ಅದು ಏನೂ ಅಲ್ಲ. ಯಾರು ಹಸಿದು ಬಂದರು, ಯಾರು ಆಸೆಗೆ ಬಂದರು ಅಂತ ಬಾಗಿಲಲ್ಲಿ ನಿಂತು ಅಳೆಯಲು ಹೋದರೆ ಚೀಟಿ ಮತ್ತೆ ಬರುತ್ತದೆ, ಚೀಟಿ ಬಂದರೆ ಆ ಹೆಂಗಸರು ಹೋಗುತ್ತಾರೆ.

ಒಂದು ತಿಂಗಳು ಸ್ತ್ರೀಶಕ್ತಿ ಸಂಘದವರೊಬ್ಬರ ಮನೆಯಲ್ಲಿ ಮದುವೆ. ಇಡ್ಲಿ ಬೇಯಿಸುವವರೇ ಇಲ್ಲ. ತಿಂಡಿ ಇಲ್ಲ ಅಂತ ಮೊದಲೇ ತಿಳಿಸಿ, ಮನೆಯಿಂದ ಡಬ್ಬಿ ತನ್ನಿ ಅಂದರು. ಹೊಸಬರು ಯಾರೂ ಬರಲಿಲ್ಲ. ಹಿಂದೆ ಕೆಂಪು ಗುರುತು ಬಿದ್ದವರಲ್ಲಿ ಹೆಚ್ಚಿನವರು ಬಂದರು, ಡಬ್ಬಿ ಸಮೇತ. ಯೋಜನೆ ಮಾಡಿ ನಡೆಸಿದ ಪರೀಕ್ಷೆ ಅಲ್ಲ ಇದು. ಆದರೂ ಸಮಿತಿಗೆ ಇದರಿಂದ ತಿಳಿದಷ್ಟು ಬೇರೆ ಯಾವುದರಿಂದಲೂ ತಿಳಿಯಲಿಲ್ಲ. ಮೊದಲ ಸಲ ಬರುವುದಕ್ಕೆ ಇಡ್ಲಿ ಬೇಕು. ಎರಡನೇ ಸಲಕ್ಕೆ ತನ್ನ ಅಂಕಿ ನೋಡುವ ಕುತೂಹಲ ಸಾಕು. ಈಗ ಅವರು ತಿಂಡಿಯನ್ನು ತಿಂಗಳು ಬಿಟ್ಟು ತಿಂಗಳು ಇಡುತ್ತಾರೆ, ಖರ್ಚೂ ಅರ್ಧ. ಅಕ್ಕಿ, ಉದ್ದಿನಬೇಳೆ ಮನೆ ಮನೆಯಿಂದ ಬರುತ್ತದೆ, ಹಿಂದಿನ ಸಾಲಿನಿಂದಲೂ. ಅವತ್ತು ಬೆವರಿದ್ದ ಆಟೊದವರು ಪ್ರತಿ ಸಲ ಒಂದು ಕಟ್ಟು ಕರಿಬೇವು ತಂದು ಅಡುಗೆ ಕಟ್ಟೆ ಮೇಲಿಟ್ಟು, ಏನೂ ಹೇಳದೆ ಸಾಲಿನ ಮುಂದಕ್ಕೆ ಹೋಗಿ ನಿಲ್ಲುತ್ತಾರೆ. ಮಾತ್ರೆಯವರಿಗೆ ಮೊದಲು, ಅಲ್ವಾ.

ಕಳೆದುಕೊಂಡದ್ದೂ ಇದೆ. ಮುಂದಿನ ರಸ್ತೆಯ ಕೆಲವರು ಬರುವುದನ್ನು ನಿಲ್ಲಿಸಿದರು. ಆರೂವರೆ ಅವರಿಗೆ ವಾಕಿಂಗ್ ಹೊತ್ತು ಅಂತ ಕಾರಣ ಕೊಟ್ಟರು. ನೆಲದ ಮೇಲೆ ಎಲ್ಲರ ಜೊತೆ ಪಂಕ್ತಿಯಲ್ಲಿ ಕೂರುವುದು ಕಾರಣ ಇರಬಹುದು ಅಂತ ಮೇಷ್ಟ್ರು ಹೇಳುತ್ತಾರೆ. ಅವರು ಅದೇ ರಸ್ತೆಯವರು, ಅವರಿಗೆ ಗೊತ್ತಿರುತ್ತದೆ.

ಇನ್ನೂ ಸಿಗದೆ ಇರುವವರು ಅಂದರೆ ಮಾರುಕಟ್ಟೆಯಲ್ಲಿ ಮೂಟೆ ಹೊರುವವರು. ಅವರು ನಸುಕಿನಲ್ಲೇ ಕೆಲಸಕ್ಕೆ ಹೋಗಿರುತ್ತಾರೆ, ಆರೂವರೆಗೆ ಬಡಾವಣೆಯಲ್ಲಿ ಇರುವುದೇ ಇಲ್ಲ. ಮೀಟರ್ ತಗೊಂಡು ಅಲ್ಲಿಗೇ ಹೋಗೋಣ ಅನ್ನುವುದು ಸಿಸ್ಟರ್ ಈಗ ಹಿಡಿದಿರುವ ಹಟ. ಮಾರುಕಟ್ಟೆ ಮುಂದೆ ಇಡ್ಲಿ ಗಾಡಿಗಳು ಇದ್ದೇ ಇವೆ. ಗಾಡಿಯವರ ಹತ್ತಿರ ಮಾತಾಡಿ, ಚುಚ್ಚಿಸಿಕೊಂಡವರ ಇಡ್ಲಿ ದುಡ್ಡನ್ನು ಸಂಘ ಕಟ್ಟಿದರೆ ಆಯಿತು ಅನ್ನುತ್ತಾರೆ. ಹಾಗಾದರೆ ಚುಚ್ಚಿಸಿಕೊಂಡವರು ಯಾರು ಅಂತ ಗಾಡಿಯವರಿಗೆ ಗೊತ್ತಾಗುವುದು ಹೇಗೆ, ಮತ್ತೆ ಚೀಟಿ ಬೇಕಲ್ಲ ಅಂತ ಖಜಾಂಚಿ ಕೇಳಿದ್ದಾರೆ. ಮುಂದಿನ ಸಭೆಯಲ್ಲಿ ಅದೇ ವಿಷಯ.